ಆತುರದ ಹುಡುಗರು

ಗಂಡ ಸತ್ತ ದಿನ ಸುಗುಣಾ ಅಳಲಿಲ್ಲ ಎನ್ನುವುದು ಬಂಧುಬಳಗದಲ್ಲಿ ಬಹಳ ಕಾಲ ಮಾತಾಗಿ ಉಳಿಯಿತು. ಮುರಳೀಧರ ಬ್ಯಾಂಕಿನಲ್ಲಿದ್ದವನು. 1999ರ ಜುಲೈನಲ್ಲಿ ಒಂದು ಬೆಳಿಗ್ಗೆ ಮದರಾಸಿನ ಗಿಂಡಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಾಗ ಕುಸಿದು ಬಿದ್ದ. ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನಿಗೆ ಮೂವತ್ತೆಂಟು, ಸುಗುಣಾಗೆ ಮೂವತ್ತಮೂರು, ಮಗಳು ಕೃತಿಗೆ ಆರು. ಬಂದವರೆಲ್ಲ ಸುಗುಣಾಳ ಮುಖ ನೋಡುತ್ತ ಕಾದರು. ಅವಳು ಅವರಿಗೆ ಕುಡಿಯಲು ನೀರು ಕೊಟ್ಟಳು, ಚಪ್ಪಲಿಗಳನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದಳು. ಸಂಬಂಧದಲ್ಲಿ ಅತ್ತೆಯಾಗಬೇಕಾದ ಒಬ್ಬ ಹೆಂಗಸು ಬೆನ್ನು ಸವರಿ, "ಅತ್ತುಬಿಡಮ್ಮ, ಒಳಗೇ ಇಟ್ಕೋಬಾರ್ದು" ಎಂದಾಗ, "ಬರ್ತಾ ಇಲ್ಲ ಅತ್ತೆ" ಎಂದಳು.

ಅದು ನಿಜವೇ ಆಗಿತ್ತು. ಹದಿಮೂರು ದಿನ ಕಳೆದರೂ ಬರಲಿಲ್ಲ, ವರ್ಷಾಬ್ದಿಕ ಕಳೆದರೂ ಬರಲಿಲ್ಲ. ತೋಳಿನ ಮೇಲೆ ತಲೆಯಿಟ್ಟು ಮಲಗಿ ಎದ್ದಾಗ ಆ ತೋಳು ಬೇರೆ ಯಾರದೋ ಎನ್ನುವಂತೆ ಜೋಮು ಹಿಡಿದಿರುತ್ತದಲ್ಲ, ಅವಳಿಗೆ ಇಡೀ ಮೈಯೇ ಹಾಗಾಗಿತ್ತು. ಹಸಿವಾದರೆ ಉಣ್ಣುತ್ತಿದ್ದಳು. ನಿದ್ದೆ ಬಂದರೆ ಮಲಗುತ್ತಿದ್ದಳು. ಬ್ಯಾಂಕಿನವರು ಅನುಕಂಪದ ಕೆಲಸಕ್ಕೆ ಅರ್ಜಿ ಹಾಕಿ ಎಂದರೂ ಆ ಕಟ್ಟಡದ ಮೆಟ್ಟಿಲು ಹತ್ತುವುದು ಅವಳಿಗೆ ಬೇಡವಾಗಿತ್ತು. ಮಗಳನ್ನು ಕರೆದುಕೊಂಡು ಎಗ್ಮೋರ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ತಂದೆಯ ಮನೆಗೆ ಬಂದಳು.

ತಂದೆ ಹರಿದಾಸರು ರೈಲ್ವೆಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು, ಹೆಂಡತಿಯನ್ನು ಎಂದೋ ಕಳೆದುಕೊಂಡವರು. ಅವರ ಮುತ್ತಜ್ಜ ಕೊಳ್ಳೇಗಾಲದ ಕಡೆಯಿಂದ ಮದರಾಸಿಗೆ ಬಂದಿದ್ದ. ನಾಲ್ಕು ತಲೆಮಾರಾದರೂ ಮನೆಯಲ್ಲಿ ಕನ್ನಡವೇ, ಆದರೆ ನೂರು ವರ್ಷ ತಮಿಳಿನ ನಡುವೆ ಕುದ್ದು ಕುದ್ದು ಹದ ಬದಲಾಗಿದ್ದ ಕನ್ನಡ. ತಮ್ಮದು ಅಚ್ಚ ಕನ್ನಡವೆಂದೇ ಹರಿದಾಸರು ನಂಬಿದ್ದರು. ಕನ್ನಡ ನಾಡಿಗೆ ಅವರು ಜೀವಮಾನದಲ್ಲಿ ಹೋಗಿದ್ದು ಮೂರೋ ನಾಲ್ಕೋ ಸಲ, ಅದೂ ಉಡುಪಿಗೆ, ಮಂತ್ರಾಲಯಕ್ಕೆ ಹೋದಾಗ ಹಾಗೇ ರಾಯಚೂರಿಗೆ.

ಮದುವೆಯಾದ ಮೇಲೆ ಸುಗುಣಾ ಅಂಚೆ ಮೂಲಕ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡಿದ್ದಳು. 2000ದ ಕೊನೆಯಲ್ಲಿ ಒಂದು ದಿನ ಹರಿದಾಸರು ಪತ್ರಿಕೆ ಮಡಚಿ ಅವಳ ಮುಂದಿಟ್ಟರು. ಕನ್ನಡ ಬಲ್ಲ ಮನಶ್ಶಾಸ್ತ್ರ ಪದವೀಧರರು ಬೇಕು, ಮೂರು ವರ್ಷದ ಗುತ್ತಿಗೆ, ಕೆಲಸದ ಜಾಗ ಪಲ್ಲಾವರಂ ಹತ್ತಿರ.

"ಮಿಲಿಟರಿ ಕೆಲಸ. ಯೋಚನೆ ಮಾಡಿ ನೋಡು ಸುಗುಣಿ" ಎಂದರು.

"ಯೋಚನೆ ಮಾಡೋಕೇನಿದೆ ಅಪ್ಪಾ? ಹೋಗ್ತೀನಿ" ಎಂದಳು ಅವಳು.

ಆ ಕೇಂದ್ರದ ಹೆಸರು ನಮಗೆ ಬೇಡ. ಸೈನ್ಯಕ್ಕೆ ಸೇರಲು ದಕ್ಷಿಣದ ರಾಜ್ಯಗಳಿಂದ ಬರುವ ಹುಡುಗರನ್ನು ಅಲ್ಲಿ ಓಡಿಸಿ, ಜಿಗಿಸಿ, ಎದೆ ಅಳೆದು, ಲೆಕ್ಕ ಬರೆಸಿ ಆರಿಸುತ್ತಿದ್ದರು. ಕಾರ್ಗಿಲ್ ಯುದ್ಧ ಮುಗಿದ ಹೊಸತು. ಮೈಬಲ ಇದ್ದರೆ ಸಾಲದು, ಹುಡುಗನ ಸ್ವಭಾವ ಎಂಥದು, ಅವನನ್ನು ಬಂದೂಕಿನ ಹತ್ತಿರ ಇಡಬೇಕೋ ಯಂತ್ರದ ಹತ್ತಿರವೋ ಅಡುಗೆಮನೆಯಲ್ಲೋ ಎನ್ನುವುದನ್ನೂ ಅಳೆದು ನೋಡೋಣವೆಂದು ಮೇಲಿನವರು ಒಂದು ಪ್ರಯೋಗ ಶುರು ಮಾಡಿದ್ದರು. ಇಂಗ್ಲಿಷಿನಲ್ಲಿ ನೂರಿಪ್ಪತ್ತು ವಾಕ್ಯಗಳ ಒಂದು ಪ್ರಶ್ನಾವಳಿ ಸಿದ್ಧವಾಗಿತ್ತು. ಪ್ರತಿ ವಾಕ್ಯದ ಮುಂದೆ ಹುಡುಗರು 'ಹೌದು' ಅಥವಾ 'ಅಲ್ಲ' ಎಂದು ಗುರುತು ಹಾಕಬೇಕು. ಅದನ್ನು ನಾಲ್ಕು ಭಾಷೆಗೆ ತರಬೇಕಿತ್ತು. ಕನ್ನಡದ ಪಾಲು ಸುಗುಣಾಗೆ ಬಂತು.

ಪ್ರಯೋಗದ ಹೊಣೆ ಹೊತ್ತವರು ಡಾಕ್ಟರ್ ಸದಾನಂದ. ಮನೆಮಾತು ಕೊಂಕಣಿ, ಬೆಳೆದದ್ದು ಮುಂಬಯಿ. ಕನ್ನಡ ತಕ್ಕಮಟ್ಟಿಗೆ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಮೆತ್ತಗಿನ ಮನುಷ್ಯ, ನಿವೃತ್ತಿಗೆ ನಾಲ್ಕು ವರ್ಷವಿತ್ತು. ಅವರು ನಿಯಮ ವಿವರಿಸಿದರು: "ನೀವು ಕನ್ನಡಕ್ಕೆ ಮಾಡಿದ್ದನ್ನ ಬೇರೆ ಒಬ್ಬರು ತಿರುಗಿ ಇಂಗ್ಲಿಷಿಗೆ ಮಾಡಬೇಕು. ಎರಡು ಇಂಗ್ಲಿಷೂ ಹೊಂದಿಕೆ ಆದ್ರೆ ನಿಮ್ಮ ಕೆಲಸ ಕರೆಕ್ಟ್ ಅಂತ ಅರ್ಥ. ನಿಮಗೆ ಯಾರಾದ್ರೂ ಗೊತ್ತಾ?"

ಗೊತ್ತಿದ್ದರು. ಸುಗುಣಾ ಹಾಳೆಗಳನ್ನು ಮನೆಗೆ ತಂದು ತಂದೆಗೆ ಕೊಟ್ಟಳು. ನಲವತ್ತು ವರ್ಷ ರೈಲ್ವೆಯ ಇಂಗ್ಲಿಷ್ ಬರೆದ ಕೈ. ಹರಿದಾಸರು ಮೂರು ದಿನ ಮೇಜಿನ ಮುಂದೆ ಕೂತು, ಮೂಲವನ್ನು ನೋಡದೆ, ನೂರಿಪ್ಪತ್ತು ವಾಕ್ಯಗಳನ್ನೂ ಮುತ್ತಿನಂಥ ಅಕ್ಷರದಲ್ಲಿ ಇಂಗ್ಲಿಷಿಗೆ ತಿರುಗಿಸಿದರು. ಮೂಲಕ್ಕೆ ಹೋಲಿಸಿದರೆ ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸದಾನಂದರಿಗೆ ಸಂತೋಷವಾಯಿತು. ಮಲಯಾಳದಲ್ಲಿ ಹನ್ನೆರಡು ವಾಕ್ಯ ತಪ್ಪಿತ್ತು, ತೆಲುಗಿನಲ್ಲಿ ಒಂಬತ್ತು. ಕನ್ನಡದಲ್ಲಿ ಒಂದೂ ಇಲ್ಲ.

ಮುಂದಿನ ಎರಡು ವರ್ಷ ಸುಗುಣಾಳ ದಿನ ಒಂದೇ ಅಚ್ಚಿನಲ್ಲಿ ನಡೆಯಿತು. ಬೆಳಿಗ್ಗೆ ಎಗ್ಮೋರಿನಿಂದ ಎಲೆಕ್ಟ್ರಿಕ್ ಟ್ರೈನು, ಪಲ್ಲಾವರಂನಲ್ಲಿ ಇಳಿದು ಹದಿನೈದು ನಿಮಿಷ ನಡಿಗೆ. ತಗಡಿನ ಛಾವಣಿಯ ಉದ್ದನೆಯ ಹಾಲಿನಲ್ಲಿ ಹುಡುಗರು ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಗುರುತು ಹಾಕುತ್ತಿದ್ದರು. ಮೇಲೆ ವಿಮಾನ ಹೋದಾಗಲೆಲ್ಲ ನೂರು ತಲೆಗಳು ಒಟ್ಟಿಗೆ ಮೇಲೆದ್ದು ಮತ್ತೆ ಬಗ್ಗುತ್ತಿದ್ದವು. ಮಧ್ಯಾಹ್ನ ಸುಗುಣಾ ಉತ್ತರದ ಹಾಳೆಯ ಮೇಲೆ ತೂತು ಕೊರೆದ ರಟ್ಟು ಇಟ್ಟು, ತೂತುಗಳಲ್ಲಿ ಕಾಣುವ ಗುರುತುಗಳನ್ನು ಎಣಿಸುತ್ತಿದ್ದಳು. ಧೈರ್ಯಕ್ಕೆ ಒಂದು ರಟ್ಟು, ಶಿಸ್ತಿಗೆ ಒಂದು, ನಾಲ್ಕು ಜನರೊಡನೆ ಹೊಂದಿಕೊಳ್ಳುವ ಗುಣಕ್ಕೆ ಒಂದು, ಸಿಟ್ಟಿಗೆ ಒಂದು. ಸಿಟ್ಟಿನ ಹನ್ನೆರಡು ವಾಕ್ಯಗಳಲ್ಲಿ ಐದಕ್ಕೆ 'ಹೌದು' ಎಂದಿದ್ದರೆ ಹಾಳೆಯ ಮೂಲೆಗೆ ಕೆಂಪು ಗೆರೆ. ಕೆಂಪು ಗೆರೆಯ ಹುಡುಗನನ್ನು ಮಾರನೆಯ ದಿನ ಮೇಜರ್ ಸಾಹೇಬರು ಕರೆಸಿ ಮಾತಾಡಿಸುತ್ತಿದ್ದರು. ಹೆಚ್ಚಿನವರು ಕಾರಣ ಬರೆದ ಇಂಗ್ಲಿಷ್ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದರು. ಕೆಲವರಿಗೆ ಅಡುಗೆಮನೆ, ಬಟ್ಟೆ ಒಗೆಯುವುದು, ಕಸ ಗುಡಿಸುವುದು ಸಿಗುತ್ತಿತ್ತು. ಬಂದೂಕು, ಗಾಡಿ, ಯಂತ್ರ ಇವು ಯಾವುದೂ ಇಲ್ಲ.

ಮೇಜರಿಗೆ ಕನ್ನಡ ಬಾರದು. ನಡುವೆ ಕೂತು ಮಾತು ದಾಟಿಸುವುದೂ ಸುಗುಣಾಳ ಕೆಲಸವೇ ಆಗಿತ್ತು. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು: ಮೇಲಿನವರು ಕೆಲಸ ಹೇಳಿದರೆ ನಿನಗೆ ಯಾಕೆ ಸಿಟ್ಟು ಬರುತ್ತದೆ? ಸುಗುಣಾ ಹಾಳೆಯಲ್ಲಿ ಇದ್ದ ಮಾತನ್ನೇ ಹಿಡಿದು ಕೇಳುತ್ತಿದ್ದಳು. ಹುಡುಗ ಹೌದೆನ್ನುತ್ತಿದ್ದ. ಅವಳು ಅದನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದಳು. ಏಳೆಂಟು ನಿಮಿಷ, ಮುಂದಿನವನು. ಹುಡುಗರ ಮುಖ ಅವಳು ನೋಡುತ್ತಿರಲಿಲ್ಲ. ನೋಡಬಾರದೆಂದಲ್ಲ, ಯಾರ ಮುಖವನ್ನೂ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

2003ರ ಫೆಬ್ರವರಿಯಲ್ಲಿ ಗುಂಡಣ್ಣ ಎಂಬುವನು ಬಂದ. ಆಳಂದದ ಕಡೆಯ ಹಳ್ಳಿ, ಇಪ್ಪತ್ತು ವರ್ಷ, ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು. ಓಟದಲ್ಲಿ ಆ ದಿನಕ್ಕೆ ಅವನೇ ಮೊದಲು. ಹಾಳೆಯ ಮೂಲೆಯಲ್ಲಿ ಕೆಂಪು ಗೆರೆ.

ಮೇಜರ್ ಎಂದಿನ ಪ್ರಶ್ನೆ ಕೇಳಿದರು. ಸುಗುಣಾ ಎಂದಿನಂತೆ ದಾಟಿಸಿದಳು: "ಮೇಲಿನವರು ಕೆಲಸ ಹೇಳಿದಾಗ ಆತುರ ಬರುತ್ತದೆ ಅಂತ ಬರೆದಿದ್ದೀಯ. ನಿಜವಾ?"

"ಹೌದ್ರಿ ಮೇಡಂ. ಭಾಳ ಆತುರ ರಿ."

ಅವಳು ಇಂಗ್ಲಿಷಿನಲ್ಲಿ ಹೇಳಿದಳು: ಹೌದಂತೆ, ಬಹಳ ಸಿಟ್ಟಂತೆ.

ಮೇಜರ್ ಬರೆದುಕೊಳ್ಳತೊಡಗಿದರು. ಉಳಿದವರು ಇಷ್ಟಕ್ಕೆ ಸುಮ್ಮನಾಗುತ್ತಿದ್ದರು. ಗುಂಡಣ್ಣ ಮಾತುಗಾರ. ಯಾರೂ ಕೇಳದೆಯೇ ಮುಂದುವರಿಸಿದ: "ಆತುರ ಇರಬೇಕ್ರಿ ಮೇಡಂ ಮನಶ್ಯಾಗ. ನಮ್ಮಪ್ಪ ಒಂದ್ ಸಲ ಕೂಗಿದ್ರ ಎರಡನೇದ್ದು ಕೂಗೋದ್ರಾಗ ನಾ ಮುಂದ ನಿಂತಿರ್ತೀನ್ರಿ. ಕೆಲಸಾ ಹೇಳಿದ್ರ ಕೈ ಸುಮ್ಮನ ಇರಂಗಿಲ್ರಿ, ಲಗೂ ಲಗೂ ಮಾಡಿ ಒಗದುಬಿಡಬೇಕ ಅನಸ್ತದ."

ಸುಗುಣಾ ಅವನ ಮುಖ ನೋಡಿದಳು. ಹುಡುಗ ನಗುತ್ತಿದ್ದ. ಒಳ್ಳೆಯ ಉತ್ತರ ಕೊಟ್ಟೆನೆಂಬ ನಗು.

"ಸಿಟ್ಟು? ಸಿಟ್ಟು ಬರತ್ತಾ ನಿನಗೆ?" ಎಂದು ಕೇಳಿದಳು. ಈ ಸಲ ಮೇಜರ್ ಕೇಳಿರಲಿಲ್ಲ, ಅವಳೇ ಕೇಳಿದ್ದು.

"ಸಿಟ್ಟಾ? ಕೆಲಸಾ ಹೇಳಿದ್ರ ಸಿಟ್ಟ್ಯಾಕ ಬರ್ತದ್ರಿ?"

ಸುಗುಣಾ ಮೇಜರಿನ ಕಡೆ ತಿರುಗಿ, ತಪ್ಪಾಗಿದೆ ಸರ್, ಅವನು ಸಿಟ್ಟಿನ ಮಾತೇ ಆಡುತ್ತಿಲ್ಲ, ಕೆಲಸವೆಂದರೆ ಉತ್ಸಾಹ ಎನ್ನುತ್ತಿದ್ದಾನೆ ಎಂದಳು. ಮೇಜರ್ ಪೆನ್ನು ನಿಲ್ಲಿಸಿ ಅವಳನ್ನೂ ಹುಡುಗನನ್ನೂ ನೋಡಿದರು. ಎದುರು ಕೂರಿಸಿ ಕೇಳಿದರೆ ಎಲ್ಲರೂ ಉತ್ತರ ತಿದ್ದಿಕೊಳ್ಳುತ್ತಾರೆ, ಅದಕ್ಕೇ ತಾನೆ ಕಾಗದದ ಪರೀಕ್ಷೆ ಮಾಡಿರುವುದು ಎಂದರು. ಓಟ ಚೆನ್ನಾಗಿ ಓಡಿದ್ದಾನೆಂದು ಮನೆಗೆ ಕಳಿಸಲಿಲ್ಲ. ಅಡುಗೆಮನೆಗೆ ಹಾಕಿದರು. ಗುಂಡಣ್ಣ ಸೆಲ್ಯೂಟ್ ಹೊಡೆದು ಹೋದ. ಹೊರಗೆ ಇನ್ನೂ ನಾಲ್ವರು ಕಾದಿದ್ದರು. ಸುಗುಣಾ ಆ ನಾಲ್ವರ ಮಾತನ್ನೂ ದಾಟಿಸಿದಳು. ಸಂಜೆಯವರೆಗೆ ಕೆಲಸ ಮಾಡಿ ಟ್ರೈನು ಹತ್ತಿದಳು.

ಮನೆಯಲ್ಲಿ ಕೃತಿ ಬಾಗಿಲಲ್ಲೇ ನಿಂತಿದ್ದಳು. ಹತ್ತು ವರ್ಷದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಗುಟ್ಟು ಹೇಳುವಂತೆ, "ಅಮ್ಮಾ, ತಾತಾಕ್ಕು ಆತ್ತಿರಂ ವಂದುಡುಚ್ಚು" ಎಂದಳು. ತಾತನಿಗೆ ಸಿಟ್ಟು ಬಂದುಬಿಟ್ಟಿದೆ ಎಂದು.

ಒಳಗಿನಿಂದ ಹರಿದಾಸರು ಕನ್ನಡದಲ್ಲೇ ಗದರಿದರು: "ಆತ್ರ ಬರದೆ ಇನ್ನೇನು? ಕನ್ನಡಕದ ಮೇಲೆ ಕೂತುಬಿಟ್ಟಿದಾಳೆ ನೋಡು!"

ಸುಗುಣಾ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಸಿಟ್ಟಿಗೆ ಆತ್ರವೆಂದೇ ಹೆಸರು. ಅಜ್ಜನಿಗೆ ಆತ್ರ ಬರುತ್ತಿತ್ತು, ಅಪ್ಪನಿಗೂ ಆತ್ರವೇ. ಅದು ತಮಿಳಿನ ಆತ್ತಿರಂ ಮನೆಯೊಳಗೆ ಬಂದು ಕನ್ನಡದ ಅಂಗಿ ತೊಟ್ಟದ್ದು. ಪ್ರಶ್ನಾವಳಿಗೆ ಬರೆಯುವಾಗ ಆತ್ರ ಆಡುಮಾತಾಯಿತು, ಗ್ರಂಥದ ಮಾತು ಇರಲೆಂದು ಅವಳು ಅದನ್ನು ಆತುರವೆಂದು ತಿದ್ದಿದ್ದಳು. ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿದ್ದು ಅದೇ ಮನೆಯ ಇನ್ನೊಬ್ಬರು. ಹೊಂದಿಕೆಯಾಗದೆ ಏನು ಮಾಡೀತು? ಕನ್ನಡ ನಾಡಿನ ಹುಡುಗರಿಗೆ ಆತುರವೆಂದರೆ ಆತುರವೇ. ಕೆಲಸ ಹೇಳಿದರೆ ಆತುರ ಬರುತ್ತದೆಯೇ ಎಂದು ಸೈನ್ಯದವರು ಕೇಳಿದರೆ, ಚುರುಕಾದ ಹುಡುಗ ಅಲ್ಲವೆಂದು ಯಾಕೆ ಬರೆದಾನು?

ಮಾರನೆಯ ದಿನದಿಂದ ಅವಳು ಕಪಾಟಿನಲ್ಲಿದ್ದ ಕನ್ನಡದ ಹಾಳೆಗಳನ್ನೆಲ್ಲ ಇಳಿಸಿ ಮತ್ತೆ ಎಣಿಸಿದಳು. ಸಿಟ್ಟಿನ ಹನ್ನೆರಡು ವಾಕ್ಯಗಳಲ್ಲಿ ಆ ಪದ ಮೂರು ಕಡೆ ಇತ್ತು. ಮೇಲಿನವರು ಕೆಲಸ ಹೇಳಿದಾಗ ನನಗೆ ಆತುರ ಬರುತ್ತದೆ. ಇತರರು ತಡ ಮಾಡಿದರೆ ನನ್ನ ಆತುರ ಹೆಚ್ಚುತ್ತದೆ. ಆತುರ ಬಂದಾಗ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಇವಕ್ಕೆ 'ಹೌದು' ಎಂದವನು ಉಳಿದ ಒಂಬತ್ತರಲ್ಲಿ ಇನ್ನೆರಡಕ್ಕೆ ಹೌದೆಂದರೆ ಸಾಕು, ಕೆಂಪು ಗೆರೆ. ಎರಡು ವರ್ಷದಲ್ಲಿ ಕನ್ನಡದಲ್ಲಿ ಬರೆದವರು ಮುನ್ನೂರ ಎಪ್ಪತ್ತೊಂದು ಮಂದಿ. ಕೆಂಪು ಗೆರೆಯವರು ನೂರ ಮೂವತ್ತೊಂದು. ಮೂರು ವಾಕ್ಯ ತೆಗೆದು ಎಣಿಸಿದರೆ ಮೂವತ್ತೆಂಟು. ತೊಂಬತ್ತಮೂರು ಹುಡುಗರು ಬರಿದೇ ಸಿಕ್ಕಿಬಿದ್ದಿದ್ದರು. ಅವರಲ್ಲಿ ಅರವತ್ತೊಂದು ಜನ ಮನೆಗೆ, ಮೂವತ್ತೆರಡು ಜನ ಅಡುಗೆಮನೆ ಮತ್ತು ಕಸಕ್ಕೆ. ಎಣಿಸಿ ಮುಗಿಸಿ ಅವಳು ಹಾಳೆಗಳನ್ನು ಮತ್ತೆ ಕಪಾಟಿಗೆ ಏರಿಸಿದಳು.

ಸದಾನಂದರ ಮುಂದೆ ಪಟ್ಟಿ ಇಟ್ಟು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ತಪ್ಪು ನನ್ನದೂ ಉಂಟು. ಅಪ್ಪ ಮಗಳು ಒಂದೇ ಮನೆಯವರು, ಒಂದೇ ಭಾಷೆ. ಇನ್ನೊಬ್ಬರಿಗೆ ಕೊಡಬೇಕಿತ್ತು. ನಾನು ಯೋಚಿಸಲಿಲ್ಲ" ಎಂದರು. ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, "ಮೇಲಿನವರಿಗೆ ನೋಟ್ ಕಳಿಸ್ತೇನೆ" ಎಂದರು.

ನೋಟ್ ಹೋಯಿತು. ಎರಡು ತಿಂಗಳ ಮೇಲೆ ಉತ್ತರ ಬಂತು. ಕನ್ನಡದ ಮೂರು ವಾಕ್ಯಗಳನ್ನು ಕೂಡಲೇ ತಿದ್ದತಕ್ಕದ್ದು. ಸುಗುಣಾ ಆತುರವಿದ್ದ ಕಡೆ ಸಿಟ್ಟು ಎಂದು ಬರೆದಳು, ಹಾಳೆಗಳು ಹೊಸದಾಗಿ ಅಚ್ಚಾದವು. ಆಗಿಹೋದವರ ಬಗ್ಗೆ ಉತ್ತರದಲ್ಲಿ ಒಂದು ಸಾಲೂ ಇರಲಿಲ್ಲ. ಕೇಳಿದಾಗ ಸದಾನಂದರು, ಹೆಚ್ಚಿನವರಿಗೆ ವಯಸ್ಸು ಮೀರಿದೆ, ಅಂಥವರನ್ನು ತಿರುಗಿ ಕರೆಯಲು ನಿಯಮವೇ ಇಲ್ಲ ಎಂದರು.

ಮನೆಗೆ ಹೋದ ಅರವತ್ತೊಂದು ಹುಡುಗರ ವಿಳಾಸ ಸುಗುಣಾಳ ಬಳಿ ಇತ್ತು. ಅದನ್ನು ಹೊರಗೆ ಒಯ್ಯಬಾರದೆಂದು ಬರೆದುಕೊಟ್ಟಿದ್ದೂ ನೆನಪಿತ್ತು. ಒಯ್ದಳು. ಎಗ್ಮೋರ್ ಅಂಚೆ ಕಚೇರಿಯಿಂದ ಇನ್‌ಲ್ಯಾಂಡ್ ಪತ್ರಗಳನ್ನು ತಂದು, ಭಾನುವಾರಗಳಲ್ಲಿ ಕೂತು ಒಂದೊಂದಾಗಿ ಬರೆದಳು. ಬರೆಯುವುದು ನಿಧಾನವಾಗುತ್ತಿತ್ತು. ತನ್ನ ಕನ್ನಡದ ಮೇಲೆಯೇ ಅವಳಿಗೆ ನಂಬಿಕೆ ಹೋಗಿತ್ತು. ಪ್ರತಿ ಪದಕ್ಕೂ ನಿಲ್ಲುವಳು, ನಿಘಂಟು ತೆಗೆಯುವಳು. ಕೊನೆಗೆ ಪತ್ರದಲ್ಲಿ ಉಳಿದದ್ದು ಇಷ್ಟೇ: "ನೀವು ಇಂಥ ವರ್ಷ ಸೈನ್ಯದ ಪರೀಕ್ಷೆಗೆ ಬಂದಿದ್ದಿರಿ. ನಿಮಗೆ ಸಿಟ್ಟು ಜಾಸ್ತಿ ಎಂದು ಹಿಂದೆ ಕಳಿಸಿದರು. ಅದು ನಿಜವಲ್ಲ. ಪ್ರಶ್ನೆಯಲ್ಲಿ ಒಂದು ಪದ ತಪ್ಪಾಗಿತ್ತು. ಆ ಪದ ಬರೆದವಳು ನಾನು." ಕೆಳಗೆ ತನ್ನ ಹೆಸರು, ಎಗ್ಮೋರಿನ ಮನೆಯ ವಿಳಾಸ.

ಹದಿನಾಲ್ಕು ಉತ್ತರಗಳು ಬಂದವು. ಒಬ್ಬ ಬೈದು ಬರೆದಿದ್ದ. ಒಬ್ಬನ ಪರವಾಗಿ ಅವನ ಅಣ್ಣ ಬರೆದು, ತಮ್ಮ ಈಗ ದುಬೈಯಲ್ಲಿದ್ದಾನೆ, ಪತ್ರ ಅಲ್ಲಿಗೆ ಕಳಿಸುತ್ತೇನೆ ಎಂದಿದ್ದ. ಉಳಿದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: ನಾನು ಯಾವಾಗ ಬರಲಿ? ಯಾವ ಯಾವ ಕಾಗದ ತರಬೇಕು? ಹೀಗೆ ಆಸೆ ಹುಟ್ಟೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮತ್ತೆ ಕೂತು, ಬರಬೇಡಿ, ಕರೆಯುವುದಿಲ್ಲ ಎಂದು ಬರೆಯಬೇಕಾಯಿತು. ಮೊದಲ ಪತ್ರಕ್ಕಿಂತ ಇದು ಕಷ್ಟದ್ದು ಎಂದು ಅವಳ ಬುದ್ಧಿಗೆ ಗೊತ್ತಾಗುತ್ತಿತ್ತು. ಎದೆಗೆ ಮಾತ್ರ ಏನೂ ಆಗುತ್ತಿರಲಿಲ್ಲ.

ಒಬ್ಬನಿಗೆ ಆ ಎರಡನೆಯ ಪತ್ರ ತಲುಪುವ ಮುನ್ನವೇ ಅವನು ಹೊರಟುಬಿಟ್ಟಿದ್ದ. ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಇಪ್ಪತ್ತನಾಲ್ಕರ ಯುವಕ, ಇಸ್ತ್ರಿ ಮಾಡಿದ ಬಿಳಿ ಅಂಗಿ ಪ್ರಯಾಣದಲ್ಲಿ ಮುದುಡಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅಂಕಪಟ್ಟಿಗಳು.

"ಪಂಢರಿನಾಥ ಅಂತ್ರಿ. ಬಸವಕಲ್ಯಾಣದ ಕಡೆಯಾಂವ. ಪತ್ರ ಬರದಿದ್ರಲ್ರಿ ಮೇಡಂ?"

ಹರಿದಾಸರು ಅವನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಪತ್ರಗಳ ವಿಷಯ ಅವರಿಗೆ ಅರೆಬರೆ ಗೊತ್ತಿತ್ತು, ತಪ್ಪಿದ ಪದ ಯಾವುದೆಂದು ಸುಗುಣಾ ಹೇಳಿರಲಿಲ್ಲ. ಅವಳು ಯುವಕನ ಎದುರು ನೆಲದ ಮೇಲೆ ಕೂತು, ಸುತ್ತು ಬಳಸದೆ ಹೇಳಿದಳು: "ನಿಮ್ಮನ್ನ ಮತ್ತೆ ತಗೊಳ್ಳಲ್ಲ. ವಯಸ್ಸು ದಾಟಿದೆ. ನಾನು ಕೇಳಿದೆ, ಆಗಲ್ಲ ಅಂದ್ರು."

ಪಂಢರಿನಾಥ ಕಾಫಿಯ ಲೋಟ ಕೆಳಗಿಟ್ಟ. "ಹಂಗಾ" ಎಂದ. ಚೀಲದಲ್ಲಿದ್ದ ಅಂಕಪಟ್ಟಿಗಳನ್ನು ಸರಿಪಡಿಸತೊಡಗಿದ.

ಅದನ್ನು ನೋಡಲಾರದೆ ಹರಿದಾಸರು ಸಮಾಧಾನಕ್ಕೆ ಹೋದರು: "ಆತ್ರ ಪಟ್ಕೋಬೇಡಪ್ಪ. ನಮ್ಮ ಹುಡುಗಿ ಕೈಲಾದ್ದು ಮಾಡಿದಾಳೆ."

"ಆತುರ ಮಾಡಿದ್ದು ಖರೇ ರಿ ಅಜ್ಜಾರ. ಪತ್ರ ಬಂದ ದಿನಾನ ಗಾಡಿ ಹತ್ತೀನಿ. ತಡದು ಬರಬೇಕಿತ್ತು."

"ಅದಲ್ಲಪ್ಪ, ಆತ್ರ, ಕೋಪ. ಕೋಪ ಬೇಡ ಅಂದೆ."

"ಸಿಟ್ಟೇನ್ರಿ? ನಂಗ ಸಿಟ್ಟಿಲ್ರಿ." ಅವನು ಸುಗುಣಾಳ ಕಡೆ ತಿರುಗಿದ. "ಅವತ್ತ ನೀವ ಕೇಳಿದ್ರಿ ಮೇಡಂ, ಆತುರ ಬರ್ತದೇನು ಅಂತ. ನೆನಪದ ನಂಗ. ನಾ ಎದ್ದ ನಿಂತು ಹೌದು ಅಂದೆ."

ಅವಳಿಗೆ ನೆನಪಿರಲಿಲ್ಲ. ಎಷ್ಟೋ ಹುಡುಗರು ಎದ್ದು ನಿಂತು ಹೌದೆಂದಿದ್ದರು. ಹರಿದಾಸರು ಒಮ್ಮೆ ಮಗಳನ್ನು, ಒಮ್ಮೆ ಬಂದವನನ್ನು ನೋಡಿದರು. ಅವರ ತುಟಿ ಆ ಪದವನ್ನು ಸದ್ದಿಲ್ಲದೆ ಆಡಿ ನೋಡುತ್ತಿತ್ತು. ಮೂರು ದಿನ ಮೇಜಿನ ಮುಂದೆ ಕೂತದ್ದು ಅವರಿಗೆ ನೆನಪಾಗಿರಬೇಕು.

"ಹಂಗಾರ ತಪ್ಪು ನಂದಲ್ಲ" ಎಂದ ಪಂಢರಿನಾಥ.

"ಅಲ್ಲ."

"ಇದನ್ನ ಒಂದ್ ಹಾಳಿ ಮ್ಯಾಲ ಬರದು ದೊಡ್ಡ ಸಾಹೇಬರ ಸಹಿ ಮಾಡಿಸಿ ಕೊಡ್ರಿ ಮೇಡಂ. ಇನ್ನೇನೂ ಬ್ಯಾಡ. ಮಿಲ್ಟ್ರಿಯವ್ರು ಸಿಟ್ಟಿನ ಮನಶಾ ಅಂತ ಹೊಳ್ಳಿ ಕಳಸ್ಯಾರ ಅಂತ ಊರಾಗೆಲ್ಲಾ ಆಗ್ಯದ. ನಮ್ಮ ಸೋದರಮಾವ ಮಗಳನ್ನ ಕೊಡಾಂವ ಇದ್ದ. ಈಗ ಒಲ್ಲೆ ಅಂತಾನ. ಹೊಡಿಯೋ ಕೈಗೆ ಮಗಳನ್ನ ಕೊಡಂಗಿಲ್ಲ ಅಂದ. ನಾ ಯಾರಿಗೂ ಹೊಡದಾಂವ ಅಲ್ರಿ. ಈಗ ಮನ್ಯಾಗ ಜೋರಾಗಿ ಮಾತಾಡ್ಲಿಕ್ಕೂ ಅಂಜಿಕಿ ಆಗ್ತದ, ನೋಡ್ರೀ ಸಿಟ್ಟು ಅಂತಾರ."

ಮಧ್ಯಾಹ್ನ ಊಟ ಮಾಡಿಸಿ ಅವನನ್ನು ಕೂರಿಸಿ, ಸುಗುಣಾ ಬಸ್ಸು ಹಿಡಿದು ಸದಾನಂದರ ಮನೆಗೆ ಹೋದಳು. ಭಾನುವಾರ ಅವಳನ್ನು ಬಾಗಿಲಲ್ಲಿ ಕಂಡು ಅವರು ಗಾಬರಿಯಾದರು. ಎಲ್ಲ ಕೇಳಿಸಿಕೊಂಡು, "ವಿಳಾಸ ಹೊರಗೆ ತಂದದ್ದು ತಪ್ಪು ಅಂತ ನಿಮಗೆ ಗೊತ್ತುಂಟಲ್ಲ?" ಎಂದರು.

"ಗೊತ್ತು ಸರ್."

"ಒಬ್ಬನಿಗೆ ಸಹಿ ಮಾಡಿದ್ರೆ ಅರವತ್ತೊಂದು ಜನಕ್ಕೂ ಮಾಡಬೇಕಾಗ್ತದೆ."

"ಅರವತ್ತೊಂದನ್ನೂ ನಾನೇ ಟೈಪ್ ಮಾಡಿ ತರ್ತೀನಿ ಸರ್."

ಸದಾನಂದರು ಒಳಗೆ ಹೋದರು. ಅಲ್ಲಿ ಅವರ ಹೆಂಡತಿಯೊಂದಿಗೆ ಮಾತು ನಡೆದದ್ದು ಕೇಳಿಸಿತು. ಹೊರಬಂದಾಗ ಕೈಯಲ್ಲಿ ಬಿಳಿ ಹಾಳೆಗಳಿದ್ದವು. ಕಚೇರಿಯ ಮುದ್ರೆಯಿಲ್ಲದ ಬರೀ ಹಾಳೆಗಳು. "ನನ್ನ ಹೆಸರು, ನನ್ನ ಡಿಗ್ರಿ ಹಾಕಿ ಸಹಿ ಮಾಡ್ತೇನೆ. ಅಷ್ಟೇ ನನ್ನ ಕೈಲಿ ಇರುವುದು" ಎಂದರು. ಮೊದಲನೆಯದನ್ನು ಅಲ್ಲೇ ಕೈಯಲ್ಲಿ ಬರೆದರು. ಇಂಗ್ಲಿಷಿನಲ್ಲಿ ಒಂದು ಪ್ಯಾರಾ, ಸುಗುಣಾ ಅದರ ಕೆಳಗೆ ಕನ್ನಡದಲ್ಲಿ. ಈ ವ್ಯಕ್ತಿಯ ಸ್ವಭಾವದಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ದೋಷ ಪ್ರಶ್ನೆಯದು.

ಸಂಜೆ ಪಂಢರಿನಾಥ ಅದನ್ನು ಎರಡು ಸಲ ಓದಿದ. ಅಂಕಪಟ್ಟಿಗಳ ನಡುವೆ ಸುಕ್ಕಾಗದಂತೆ ಇಟ್ಟುಕೊಂಡ. ಹರಿದಾಸರು ಸ್ಟೇಷನ್ನಿನವರೆಗೆ ಅವನ ಜೊತೆ ಹೋಗಿ, ಅವನಿಗೆ ಯಾವ ಗಾಡಿ, ಎಲ್ಲಿ ಬದಲಾಯಿಸಬೇಕು ಎಂದು ಚೀಟಿ ಬರೆದುಕೊಟ್ಟು ಬಂದರು. ಬಂದವರೇ ಕಪಾಟಿನಿಂದ ಹಳೆಯ ನಿಘಂಟು ತೆಗೆದು, ಒಂದು ಪುಟವನ್ನು ಭೂತಗನ್ನಡಿ ಹಿಡಿದು ಓದಿ, ಮತ್ತೆ ಅಲ್ಲೇ ಇಟ್ಟರು.

"ನಮ್ಮಪ್ಪನೂ ಹಾಗೇ ಅಂತಿದ್ರು ಸುಗುಣಿ" ಎಂದರು ಕೊನೆಗೆ.

"ಗೊತ್ತಪ್ಪಾ."

ಸದಾನಂದರ ಸಹಿಯಾದ ಉಳಿದ ಅರವತ್ತು ಪತ್ರಗಳಿಗೆ ಲಕೋಟೆಯ ಮೇಲೆ ವಿಳಾಸ ಬರೆದವರು ಹರಿದಾಸರೇ. ಅದೇ ಮುತ್ತಿನಂಥ ಅಕ್ಷರ. ದಿನಕ್ಕೆ ಐದರಂತೆ, ಬೆಳಗಿನ ವಾಕಿಂಗಿಗೆ ಹೋಗುವಾಗ ತಾವೇ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಏಳು ಪತ್ರಗಳು ವಿಳಾಸದಾರರಿಲ್ಲವೆಂದು ಹಿಂದಿರುಗಿದವು.

ಅಡುಗೆಮನೆಗೆ, ಕಸಕ್ಕೆ ಹೋದ ಮೂವತ್ತೆರಡು ಜನರ ವಿಷಯದಲ್ಲಿ ಏನೂ ಆಗಲಿಲ್ಲ. ಅವರು ಎಲ್ಲೆಲ್ಲಿದ್ದಾರೆಂದು ಕೇಳುವ ಹಕ್ಕೂ ಸುಗುಣಾಗೆ ಇರಲಿಲ್ಲ. ಗುಂಡಣ್ಣನ ಸುದ್ದಿ ಅವಳಿಗೆ ಮತ್ತೆ ಸಿಗಲಿಲ್ಲ. ಯಾರದೋ ಪತ್ರ ಹೇಗೋ ಕಚೇರಿಗೂ ತಲುಪಿ, ನವೆಂಬರಿನಲ್ಲಿ ಅವಳನ್ನು ಕರೆಸಿ ಕೇಳಿದರು. ಅವಳು ಎಲ್ಲವನ್ನೂ ಒಪ್ಪಿಕೊಂಡಳು. ಗುತ್ತಿಗೆ ಮುಗಿಯಲು ಒಂದು ತಿಂಗಳಿತ್ತು, ಅದನ್ನು ಮುಂದುವರಿಸಲಿಲ್ಲ. ಮರುವರ್ಷ ಆ ಪ್ರಯೋಗವೇ ನಿಂತಿತು. ಕಾರಣ ಇದಲ್ಲ, ಬೇರೆ ಯಾವುದೋ ಹೊಸ ಪರೀಕ್ಷೆ ಬಂತಂತೆ. ಸದಾನಂದರಿಗೆ ಒಂದು ಎಚ್ಚರಿಕೆಯ ಕಾಗದ ಬಂತು. ಅವರು ನಿವೃತ್ತರಾಗಿ ಮುಂಬಯಿಗೆ ಹೋದರು.

ಸುಗುಣಾ ಪೋರೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ವಿವರ ಬರೆದುಕೊಳ್ಳುವ ಕೆಲಸಕ್ಕೆ ಸೇರಿದಳು. ಬೆಂಗಳೂರು, ಕೋಲಾರದ ಕಡೆಯಿಂದ ಬಂದವರಿದ್ದರೆ ಅವಳ ಮೇಜಿಗೇ ಕಳಿಸುತ್ತಿದ್ದರು. ಎಲ್ಲಿ ನೋವು ಎಂದು ಕೇಳಿ, ಅವರು ಹೇಳಿದ್ದನ್ನು ಬೇರೆ ಮಾತಿನಲ್ಲಿ ತಿರುಗಿ ಅವರಿಗೇ ಕೇಳಿ, ಹೌದೆಂದ ಮೇಲೆಯೇ ಬರೆಯುತ್ತಿದ್ದಳು. ನಿಧಾನವೆಂದು ಜೊತೆಯವರು ಗೊಣಗುತ್ತಿದ್ದರು. ಅವಳಿಗೆ ಅದರಿಂದ ಬೇಸರವೂ ಆಗಲಿಲ್ಲ.

2005ರ ಮೇ ತಿಂಗಳಲ್ಲಿ ಬಸವಕಲ್ಯಾಣದಿಂದ ಒಂದು ಲಗ್ನಪತ್ರಿಕೆ ಬಂತು. ವರ ಪಂಢರಿನಾಥ. ವಧು ಸೋದರಮಾವನ ಮಗಳೋ ಬೇರೆಯವಳೋ ಪತ್ರಿಕೆಯಿಂದ ತಿಳಿಯುವಂತಿರಲಿಲ್ಲ. ಸುಗುಣಾ ಅದನ್ನು ಓದಿ ಮೇಜಿನ ಮೇಲಿಟ್ಟಳು. ರಜೆ ಇರಲಿಲ್ಲ, ಇದ್ದಿದ್ದರೂ ಹೋಗುತ್ತಿದ್ದಳೆಂದು ಹೇಳಲಾಗದು. ಎಪ್ಪತ್ತೈದು ವರ್ಷದ ಹರಿದಾಸರು ತಮ್ಮ ರೈಲ್ವೆ ಪಾಸು ತೆಗೆದು ನೋಡಿ, "ನಾನು ಹೋಗಿಬರ್ತೀನಿ" ಎಂದರು. ಬೇಡವೆಂದರೆ ಕೇಳಲಿಲ್ಲ. ಒಂದು ಪಂಚೆ, ಒಂದು ರೇಷ್ಮೆ ಶಲ್ಯ, ಒಂದು ಡಬ್ಬಿ ಮೈಸೂರುಪಾಕು ಕಟ್ಟಿಕೊಂಡು ಒಬ್ಬರೇ ಹೋದರು.

ಐದನೆಯ ದಿನ ಬೆಳಿಗ್ಗೆ ಬಂದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಕೃತಿ ಚೀಲ ಕಸಿದುಕೊಂಡು, "ಎಪ್ಪಡಿ ಇರುಂದುದು ತಾತಾ?" ಎಂದು ಹೇಗಿತ್ತೆಂದು ಕೇಳಿದಳು.

"ಅವರ ಮಾತು ನಂಗೆ ಅರ್ಧ ಅರ್ಥವಾಗಲಿಲ್ಲ, ನನ್ನ ಮಾತು ಅವರಿಗೆ ಕಾಲು ಭಾಗವೂ ಆಗಲಿಲ್ಲ. ಮಾವನ ಮಗಳೇ ಹೆಣ್ಣು. ಆ ಮಾವ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿದ. ಸಾಕು ಅಂದ್ರೂ ಬಿಡಲಿಲ್ಲ" ಎಂದರು ಹರಿದಾಸರು. ಆಮೇಲೆ ಮಗಳಿಗೆ, "ನಿನ್ನ ವಿಷಯ ಕೇಳಿದ್ರು. ಚೆನ್ನಾಗಿದಾಳೆ ಅಂದೆ."

ಸುಗುಣಾ ಚೀಲದಿಂದ ಪಂಚೆ ತೆಗೆದು ಬಕೀಟಿನಲ್ಲಿ ನೆನೆಹಾಕಿದಳು. ರೇಷ್ಮೆಯ ಶಲ್ಯಕ್ಕೆ ಅಂಟಿದ್ದ ಅಕ್ಷತೆಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಮಂಡಿ ನೋವಾಯ್ತಾ ಅಪ್ಪಾ?" ಎಂದು ಕೇಳಿದಳು.

"ಸ್ವಲ್ಪ."

ಅವಳು ಎಣ್ಣೆ ಬಿಸಿ ಮಾಡಲು ಒಳಗೆ ಹೋದಳು. ಆಸ್ಪತ್ರೆಗೆ ಹೋಗುವ ಎಂಟೂವರೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.